ಎಂಜಿನ್‌ಎಕ್ಸ್ ಹಿಂದಿನ ಒಂದು ಟಾಮ್‌ಕ್ಯಾಟ್ ಹ್ಯಾಂಗ್ ಆದರೆ ಅರ್ಧ ಜನಕ್ಕೆ ಸೈಟ್ ಬಂದ್: ಎಚ್‌ಎಪ್ರಾಕ್ಸಿಗೆ ಹೋಗಬೇಕಾ?

ಘಟಪ್ರಭಾ_ದಂಡಿ (ಬಾಗಲಕೋಟೆ):
ಸಕ್ಕರೆ ಕಾರ್ಖಾನೆಯೊಂದರ ರೈತರ ಪೋರ್ಟಲ್. ತೂಕದ ಚೀಟಿ, ಕಬ್ಬಿನ ಬಿಲ್ಲು, ಕಟಾವಿನ ಸರದಿ ಎಲ್ಲಾ ಇದರಾಗ ಐತಿ. ಮುಂದೆ ವಿನಂತಿ ಹಂಚೋ ಪ್ರಾಕ್ಸಿ ಒಂದು ಎಂಜಿನ್‌ಎಕ್ಸ್, ಹಿಂದೆ ಪೋರ್ಟಲ್ ನಡೆಸೋ ಜಾವಾ ಸರ್ವರ್ ಎರಡು ಟಾಮ್‌ಕ್ಯಾಟ್. ಬಿಲ್ಲು ಜಮಾ ಆದ ಎಸ್‌ಎಂಎಸ್ ಹೋದ ಕೂಡಲೇ ಮುಧೋಳ, ಜಮಖಂಡಿ, ಬೀಳಗಿ ಕಡೆಯಿಂದ ಎಲ್ಲರೂ ಒಮ್ಮೆಗೇ ತೆರೀತಾರ. ಆಗ ಒಂದು ಟಾಮ್‌ಕ್ಯಾಟ್ ಡೇಟಾಬೇಸ್ ಕನೆಕ್ಷನ್‌ಗೆ ಕಾಯ್ತಾ ನಿಂತುಬಿಡ್ತದ. ಮ್ಯಾಕ್ಸ್ ಫೇಲ್ಸ್ 3, ಫೇಲ್ ಟೈಮ್‌ಔಟ್ 30 ಸೆಕೆಂಡ್ (ಅಷ್ಟರಾಗ ಮೂರು ಸಲ ಸೋತ್ರ ಆ ಸರ್ವರ್ ಬಿಡು ಅಂತ) ಕೊಟ್ಟರೂ ಎಂಜಿನ್‌ಎಕ್ಸ್ ಅದನ್ನ ಹೊರಗೆ ಹಾಕ್ತಿಲ್ಲ. ಲಾಗ್ ತುಂಬ 499.

ಗುಮ್ಮಟ_ಲಿನಕ್ಸ್ (ವಿಜಯಪುರ):
ಉತ್ತರ ಆ 499ರಲ್ಲೇ ಇದೆ. ಬಳಕೆದಾರರು ಕಾದು ಬೇಸತ್ತು ಪುಟ ಮುಚ್ಚಿದಾಗ ಬರುವ ಸಂಖ್ಯೆ ಅದು. ಓಪನ್ ಸೋರ್ಸ್ ಎಂಜಿನ್‌ಎಕ್ಸ್ ತಾನಾಗಿ ಸರ್ವರ್‌ಗಳನ್ನು ಪರೀಕ್ಷಿಸುವುದಿಲ್ಲ, ನಿಜವಾದ ವಿನಂತಿ ಸೋತಾಗ ಮಾತ್ರ ಲೆಕ್ಕ ಹಿಡಿಯುತ್ತದೆ. ಪ್ರಾಕ್ಸಿ ರೀಡ್ ಟೈಮ್‌ಔಟ್, ಅಂದರೆ ಹಿಂದಿನ ಸರ್ವರ್‌ನ ಉತ್ತರಕ್ಕೆ ಕಾಯುವ ಮಿತಿ, ಡಿಫಾಲ್ಟ್ 60 ಸೆಕೆಂಡ್. ಮೊಬೈಲ್ ಹಿಡಿದವರು ಅಷ್ಟು ಕಾಯುವುದಿಲ್ಲ. ಅವರು ಮೊದಲೇ ಬಿಟ್ಟು ಹೋದರೆ ಅದು ಸರ್ವರ್‌ನ ತಪ್ಪೆಂದು ಎಣಿಕೆಯಾಗದು. ಮೂರು ಸೋಲು ತುಂಬುವುದೇ ಇಲ್ಲ.

ಕನೆಕ್ಟ್ ಟೈಮ್‌ಔಟ್ (ಸಂಪರ್ಕ ಸಿಗಲು ಕಾಯುವ ಮಿತಿ) ಇಳಿಸಿ ಪ್ರಯೋಜನವಿಲ್ಲ. ಟಾಮ್‌ಕ್ಯಾಟ್ ಸ್ತಬ್ಧವಾಗಿದ್ದರೂ ಟಿಸಿಪಿ ಕನೆಕ್ಷನ್ ತಕ್ಷಣ ಸಿಗುತ್ತದೆ, ಸಂಪರ್ಕದ ಹ್ಯಾಂಡ್‌ಶೇಕ್ ಮುಗಿಸುವುದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ರೀಡ್ ಟೈಮ್‌ಔಟನ್ನೇ ಸಾಮಾನ್ಯ ಪುಟಗಳಿಗೆ 8 ಸೆಕೆಂಡಿಗೆ ಇಳಿಸಿ. ದೊಡ್ಡ ವರದಿಗಳಿಗೆ ಬೇರೆ ಲೊಕೇಶನ್ (ಆ ವಿಳಾಸಗಳಿಗಷ್ಟೇ ಅನ್ವಯಿಸುವ ಬ್ಲಾಕ್) ಮಾಡಿ 60 ಉಳಿಸಿ.

ಹಿಂದಿನ ಸರ್ವರ್‌ಗಳ ಪಟ್ಟಿಯಿರುವ ಅಪ್‌ಸ್ಟ್ರೀಮ್ ಬ್ಲಾಕ್‌ನಲ್ಲಿ ಝೋನ್ (ವರ್ಕರ್‌ಗಳು ಹಂಚಿಕೊಳ್ಳುವ ಮೆಮೊರಿ) ಇದೆಯಾ ನೋಡಿ. ಇಲ್ಲದಿದ್ದರೆ ಎಂಜಿನ್‌ಎಕ್ಸ್‌ನ ಪ್ರತಿ ವರ್ಕರ್ ಪ್ರಾಸೆಸ್ ಸೋಲುಗಳನ್ನು ಪ್ರತ್ಯೇಕವಾಗಿ ಎಣಿಸುತ್ತದೆ. 4 ವರ್ಕರ್ ಇದ್ದರೆ ನಿಮ್ಮ 3 ಎಂಬುದು ಒಟ್ಟು 12ರವರೆಗೆ ಹೋಗಬಹುದು. 64 ಕೆಬಿ ಝೋನ್ ಎರಡು ಸರ್ವರ್‌ಗೆ ಧಾರಾಳ.

ಬೆಳಗಾವಿ_ನೆಟ್:
ಮೇಲಿನದೆಲ್ಲ ಸರಿ, ಆದರ ಮೂಲ ಕಾಯಿಲೆ ಪೂಲ್‌ನಾಗ, ಅಂದ್ರ ಟಾಮ್‌ಕ್ಯಾಟ್ ಇಟ್ಟುಕೊಂಡಿರೋ ಡೇಟಾಬೇಸ್ ಕನೆಕ್ಷನ್‌ಗಳ ಗುಂಪಿನಾಗ ಐತಿ. ಏನೂ ಬರೀದಿದ್ದರ ಟಾಮ್‌ಕ್ಯಾಟ್ ಜೊತೆ ಬರೋ ಡಿಬಿಸಿಪಿ 2 ಪೂಲ್ ಕೊಡೋದು 8 ಕನೆಕ್ಷನ್, ಕಾಯೋಕೆ ಮಿತಿನೇ ಇಲ್ಲ. ವಿನಂತಿ ನೋಡಿಕೊಳ್ಳೋ ಥ್ರೆಡ್ ಮಾತ್ರ 200. ಎಂಟು ಕ್ವೆರಿ ನಿಧಾನ ಆದ್ರ ಉಳಿದ ಥ್ರೆಡ್ ಎಲ್ಲ ಸಾಲಿನಾಗ ನಿಲ್ಲತಾವ. ಮೊದಲು ಮ್ಯಾಕ್ಸ್ ವೇಟ್ (ಕನೆಕ್ಷನ್‌ಗೆ ಕಾಯೋ ಮಿತಿ) 3000 ಮಿಲಿಸೆಕೆಂಡ್ ಇಡ್ರಿ, ಆಮೇಲೆ ಡೇಟಾಬೇಸ್ ತಡೆಯೋ ಮಟ್ಟಕ್ಕ ಪೂಲ್ ಹಿಗ್ಗಿಸ್ರಿ. ಎರಡೂ ಸರ್ವರ್‌ನ ಪೂಲ್ ಕೂಡಿಸಿದ್ರ ಡೇಟಾಬೇಸ್‌ನ ಮಿತಿ ದಾಟಬಾರದು.

ಎಚ್‌ಎಪ್ರಾಕ್ಸಿಗೆ ಹೋಗ್ರಿ ಅಂತನೇ ನನ್ನ ಸಲಹೆ. 2001ರಿಂದ ಇರೋ, ವಿನಂತಿ ಹಂಚೋ ಪ್ರಾಕ್ಸಿ ಸಾಫ್ಟ್‌ವೇರ್, ಸಕ್ರಿಯ ಹೆಲ್ತ್ ಚೆಕ್ (ತಾನಾಗೇ ಆಗಾಗ ಸರ್ವರ್ ಪರೀಕ್ಷಿಸೋದು) ಉಚಿತ ಆವೃತ್ತಿಯಾಗನೇ ಐತಿ. ಇಂಟರ್ (ಚೆಕ್‌ಗಳ ನಡುವಿನ ಅಂತರ) 2 ಸೆಕೆಂಡ್, ಫಾಲ್ (ಎಷ್ಟು ಸಲ ಸೋತ್ರ ಹೊರಗ) 3, ರೈಸ್ (ಎಷ್ಟು ಸಲ ಗೆದ್ರ ಒಳಗ) 2 ಸಾಕು. ಟೈಮ್‌ಔಟ್ ಚೆಕ್ (ಚೆಕ್‌ನ ಉತ್ತರಕ್ಕ ಕಾಯೋ ಮಿತಿ) 2 ಸೆಕೆಂಡ್ ಇಟ್ರ ಹ್ಯಾಂಗ್ ಆದ ಸರ್ವರ್ ಸುಮಾರು ಹತ್ತು ಸೆಕೆಂಡಿನಾಗ ಹೊರಗ. ಸರ್ವರ್‌ಗೆ ಮ್ಯಾಕ್ಸ್‌ಕಾನ್ (ಒಮ್ಮೆಗೆ ಎಷ್ಟು ಕನೆಕ್ಷನ್ ಅನ್ನೋ ಮಿತಿ) ಹಾಕಿದ್ರ ಹೆಚ್ಚಾದ ವಿನಂತಿ ಪ್ರಾಕ್ಸಿಯಾಗನೇ ಸಾಲು ಹಿಡೀತಾವ, ಟಾಮ್‌ಕ್ಯಾಟ್ ಮ್ಯಾಲೆ ಬೀಳೂದಿಲ್ಲ.

ಘಟಪ್ರಭಾ_ದಂಡಿ:
ಹೆಲ್ತ್ ಚೆಕ್‌ಗೆ ಉತ್ತರ ಕೊಡೋ ಪುಟ ಡೇಟಾಬೇಸ್‌ಗೆ ಒಂದು ಸೆಲೆಕ್ಟ್ (ಡೇಟಾ ಕೇಳೋ ಕ್ವೆರಿ) ಕಳಿಸಿ ನೋಡಬೇಕಾ? ಮತ್ತ ಲೀಸ್ಟ್‌ಕಾನ್ (ಕಡಿಮೆ ಕನೆಕ್ಷನ್ ಇರೋ ಸರ್ವರ್‌ಗೆ ಕಳಿಸೋ ವಿಧಾನ) ಇಟ್ಟರ ನಡೀತದಾ?

ಬೆಳಗಾವಿ_ನೆಟ್:
ಸೆಲೆಕ್ಟ್ ಬ್ಯಾಡ. ಎರಡೂ ಟಾಮ್‌ಕ್ಯಾಟ್‌ಗೆ ಡೇಟಾಬೇಸ್ ಒಂದೇ. ಅದು ಆರು ಸೆಕೆಂಡ್ ಎಡವಿದ್ರ ಎರಡೂ ಒಟ್ಟಿಗೇ ಡೌನ್ ಆಗಿ ಎಲ್ಲರಿಗೂ 503 (ಸೇವೆ ಲಭ್ಯವಿಲ್ಲ). ತನ್ನ ಪೂಲ್‌ನಾಗ ಎಷ್ಟು ಜನ ಕಾಯಾಕತ್ತಾರ ಅನ್ನೋದನ್ನಷ್ಟೇ ನೋಡಿ ಉತ್ತರ ಕೊಡಲಿ. ಆ ಪುಟ ರೈತರು ಬರೋ ಪೋರ್ಟ್‌ನಾಗನೇ ಇರಬೇಕು. ಬ್ಯಾರೆ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಬ್ಯಾರೆ ಥ್ರೆಡ್ ಇರ್ತಾವ. ಅಸಲಿ 200 ಥ್ರೆಡ್ ಸಿಕ್ಕಿಬಿದ್ದರೂ ಅದು ‘200 ಓಕೆ’, ಅಂದ್ರ ಎಲ್ಲ ಸರಿ ಐತಿ ಅಂತ ಹೇಳಿಬಿಡ್ತದ.

ಲೀಸ್ಟ್‌ಕಾನ್ ಚೊಲೊ. ಹ್ಯಾಂಗ್ ಆದ ಸರ್ವರ್‌ನಾಗ ಕನೆಕ್ಷನ್ ಉಳಕೊಂಡಿರ್ತಾವ, ಹೊಸಾವು ತಾವಾಗೇ ಇನ್ನೊಂದರ ಕಡೆ ಹೋಗ್ತಾವ.

ಗುಮ್ಮಟ_ಲಿನಕ್ಸ್:
ಲೀಸ್ಟ್‌ಕಾನ್‌ಗೆ ಒಂದು ಅಪಾಯ ಸೇರಿಸುತ್ತೇನೆ. ಮ್ಯಾಕ್ಸ್ ವೇಟ್ ಇಟ್ಟ ಮೇಲೆ ಕೆಟ್ಟ ಸರ್ವರ್ ಬೇಗ ಬೇಗ 500 (ಸರ್ವರ್ ದೋಷ) ಕೊಡತೊಡಗಬಹುದು. ಬೇಗ ಸೋಲುವ ಸರ್ವರ್‌ನಲ್ಲಿ ಕನೆಕ್ಷನ್ ಸದಾ ಕಡಿಮೆ, ಹಾಗಾಗಿ ಲೀಸ್ಟ್‌ಕಾನ್ ಎಲ್ಲರನ್ನೂ ಅದರತ್ತಲೇ ಕಳಿಸುತ್ತದೆ. ಸರ್ವರ್ ಸಾಲಿಗೆ ಅಬ್ಸರ್ವ್ ಲೇಯರ್7, ಎರರ್-ಲಿಮಿಟ್ 10, ಆನ್-ಎರರ್ ಮಾರ್ಕ್-ಡೌನ್ ಸೇರಿಸಿ; ಆಗ ನಿಜವಾದ ಉತ್ತರಗಳಲ್ಲಿ ಸತತ 10 ದೋಷ ಕಂಡರೆ ಸರ್ವರ್ ಹೊರಗೆ.

ಬ್ಯಾಂಕ್ ಖಾತೆ ಬದಲಿಸುವಂಥ ಪೋಸ್ಟ್ ವಿನಂತಿಗಳನ್ನು ಮಾತ್ರ ಇನ್ನೊಂದು ಸರ್ವರ್‌ಗೆ ಮರುಕಳಿಸುವ ಆಯ್ಕೆ ಆನ್ ಮಾಡಬೇಡಿ. ಮೊದಲನೆಯದು ಕೆಲಸ ಮುಗಿಸಿ ಉತ್ತರವಷ್ಟೇ ತಡವಾಗಿರಬಹುದು, ಆಗ ಒಂದೇ ಕೆಲಸ ಎರಡು ಸಲ ಆಗುತ್ತದೆ.

ಪರೀಕ್ಷೆಗೆ ಟಾಮ್‌ಕ್ಯಾಟ್ ಸರ್ವಿಸ್ ನಿಲ್ಲಿಸಿ ನೋಡಬೇಡಿ. ಆಗ ಕನೆಕ್ಷನ್ ನಿರಾಕರಣೆಯಾಗಿ ಯಾವ ಪ್ರಾಕ್ಸಿಯಾದರೂ ತಕ್ಷಣ ಪಕ್ಕಕ್ಕೆ ಸರಿಯುತ್ತದೆ, ನಿಮ್ಮ ಸಮಸ್ಯೆ ಕಾಣುವುದೇ ಇಲ್ಲ. ಟಾಮ್‌ಕ್ಯಾಟ್ ಪ್ರಾಸೆಸ್‌ಗೆ ಸಿಗ್‌ಸ್ಟಾಪ್ (ತಡೆದು ನಿಲ್ಲಿಸುವ ಸಂಕೇತ) ಕಳಿಸಿ ಹೆಪ್ಪುಗಟ್ಟಿಸಿ, ಎಚ್‌ಎಪ್ರಾಕ್ಸಿಯ ಸ್ಟ್ಯಾಟ್ಸ್ ಪುಟದಲ್ಲಿ ಅದು ಕೆಂಪಾಗಲು ಎಷ್ಟು ಹೊತ್ತಾಯಿತು ಅಳೆಯಿರಿ, ನಂತರ ಸಿಗ್‌ಕಾಂಟ್ (ಮುಂದುವರಿಸುವ ಸಂಕೇತ) ಕೊಟ್ಟು ಮರಳಿ ಹಸಿರಾಗುವುದನ್ನೂ ನೋಡಿ.