ಸಹಾಯ ಬೇಕು: ಎಂಟನೇ ತರಗತಿ ಹುಡುಗಿಗೆ ಸಂಖ್ಯಾ ಸರಣಿ ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ಅಕ್ಕನ ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ, ಈ ಸಲ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುತ್ತಾಳೆ. ಲೆಕ್ಕ ಅಂದರೆ ಇಷ್ಟ, ಆದರೆ ಸಂಖ್ಯಾ ಸರಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ.

ವ್ಯತ್ಯಾಸ ತೆಗೆಯುವುದು ಚೆನ್ನಾಗಿ ಬರುತ್ತದೆ. 2, 6, 12, 20 ಕೊಟ್ಟರೆ ಕೆಳಗೆ ಪೆನ್ಸಿಲ್‌ನಲ್ಲಿ 4, 6, 8 ಅಂತ ಬರೆದು, ಮುಂದಿನದು 30 ಅಂತ ತಟ್ಟನೆ ಹೇಳುತ್ತಾಳೆ. 1, 3, 6, 10 ಬಂದಾಗ ತೊಗರಿ ಕಾಳನ್ನು ಸಾಲುಸಾಲಾಗಿ ತ್ರಿಕೋನದ ಹಾಗೆ ಜೋಡಿಸಿ ತೋರಿಸಿದೆ, ಅದೂ ತಲೆಗೆ ಹೋಯಿತು. ತೊಂದರೆ ಇರುವುದು 3, 6, 12, 24 ತರಹದ್ದರಲ್ಲಿ. ವ್ಯತ್ಯಾಸ ತೆಗೆದರೆ ಮತ್ತೆ 3, 6, 12 ಬರುತ್ತದೆ, ಅದರ ಕೆಳಗೆ 3, 6 ಬರುತ್ತದೆ, ಹೀಗೆ ಇಳಿಯುತ್ತಲೇ ಹೋಗುತ್ತಾಳೆ, ಪ್ರತಿ ಸಲ ಎರಡರಷ್ಟು ಆಗುತ್ತಿದೆ ಅಂತ ಹೊಳೆಯುವುದೇ ಇಲ್ಲ. ಯಾವಾಗ ಕೂಡುವುದು ಬಿಟ್ಟು ಗುಣಿಸಿ ನೋಡಬೇಕು ಅಂತ ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ?

ಇನ್ನೊಂದು. 1, 2, 4 ಆದಮೇಲೆ ಏನು ಅಂದರೆ ಅವಳು 7 ಅಂದಳು, ಗೈಡ್‌ನಲ್ಲಿ 8 ಇದೆ. 1, 2, 3 ಅಂತ ಕೂಡಿಸುತ್ತಾ ಹೋದರೆ 7 ಕೂಡ ಸರಿ ಅಲ್ವಾ? ಅಷ್ಟು ಸರಿಯಾಗಿ ಯೋಚಿಸಿದ ಮಗುವಿಗೆ ಸುಮ್ನೆ ತಪ್ಪು ಅನ್ನಲು ಮನಸ್ಸು ಬರುವುದಿಲ್ಲ.

ಗಣಿತ ಕಲಿಸುವ ಸರ್, ಮೇಡಂ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕನ್ನಡದ ಹಳೆಯ ಪ್ರಶ್ನೆಪತ್ರಿಕೆ ಇದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ, ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ.