ಕುದುರೆ ಒದ್ದು ಎಲುಬು ಮುರಿದ ಮೇಲೆ ಮತ್ತೆ ಲಾಯಕ್ಕೆ ಹೋಗೋದು ಹೇಗೆ?

ಪ್ರಶ್ನೆ (ವಿಜಯಪುರದಿಂದ):
ಸರ್, ನಮಸ್ಕಾರ್ರಿ. ನಮ್ಮದು ಟಾಂಗಾದ ಮನಿ. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾಕ್ಕ ಪ್ರವಾಸಿಗರನ್ನ ಕರ್ಕೊಂಡು ಹೋಗೋದ ನಮ್ಮ ಹೊಟ್ಟಿಪಾಡು. ಹೋದ ವರ್ಷ ಸಂಜಿಮುಂದ ಗಾಡಿ ಬಿಚ್ಚೂವಾಗ ಕುದರಿ ಒದ್ದು ತೊಡಿ ಎಲುಬು ಮುರೀತು. ರಾಡ್ ಹಾಕ್ಯಾರ, ಎಲುಬು ಕೂಡ್ಯದ ಅಂತ ಡಾಕ್ಟರ್ ಹೇಳ್ಯಾರ. ಆದ್ರ ಲಾಯದ ಬಾಗಲಕ್ಕ ಹೋದ್ರ ಸಾಕು, ಅಂಗೈ ಬೆವರ್ತದ, ಎದಿ ಹೊಡ್ಕೋತದ. ಈಗ ತಮ್ಮ ಗಾಡಿ ಹೊಡೀತಾನ. 'ಒಮ್ಮೆ ಹೋಗಿ ಲಗಾಮ ಹಿಡಿ, ಎಲ್ಲಾ ಹೋಗ್ತದ' ಅಂತಾರ ಮಂದಿ. ಇಷ್ಟ್ ವರ್ಷ ಭಾಳ ಸಾಧು ಇದ್ದ ಹೆಣ್ಣು ಕುದರಿರಿ. ಮಾರಿಬಿಡ್ಲ್ಯಾ?

ಉತ್ತರ (ಪಶುವೈದ್ಯರು):
ಮಾರುವ ಮಾತು ಸದ್ಯಕ್ಕೆ ಬೇಡ. ಸಾಧುವಾಗಿದ್ದ ಕುದುರೆ ಒಮ್ಮೆಲೇ ಒದ್ದರೆ ನಾನು ಸ್ವಭಾವಕ್ಕಿಂತ ಮೊದಲು ಮೈ ನೋಡುತ್ತೇನೆ. ಬಾಲದ ಕೆಳಗೆ ಹಾಯುವ ಪಟ್ಟಿ ಉಜ್ಜಿ ಹುಣ್ಣಾಗಿದೆಯೇ? ಬೆನ್ನ ಮೇಲೆ ಅಂಗೈ ಒತ್ತಿ ಸರಿಸಿದಾಗ ಯಾವುದಾದರೂ ಒಂದು ಕಡೆ ಬೆನ್ನು ಕುಸಿಯುತ್ತದೆಯೇ? ಲಾಳದ ಮೊಳೆ ಗೊರಸಿನ ಸೂಕ್ಷ್ಮ ಭಾಗಕ್ಕೆ ತಾಗಿದೆಯೇ? ಒಂದು ಕಣ್ಣು ಮಂಜಾಗಿದೆಯೇ? ಇದನ್ನೆಲ್ಲ ನಿಮ್ಮೂರಿನ ಪಶುವೈದ್ಯರು ನೋಡಲಿ, ನಿಮ್ಮ ತಮ್ಮ ಕುದುರೆ ಹಿಡಿದು ನಿಲ್ಲಲಿ.

ಕುದುರೆಗೆ ಸುತ್ತಲೂ ಬಹುತೇಕ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಟಾಂಗಾ ಕುದುರೆಗೆ ಕಣ್ಣಪಟ್ಟಿ ಬೇರೆ ಇರುವುದರಿಂದ ಹಿಂದೆ ಹಾಯುವವರು ಗೊತ್ತೇ ಆಗುವುದಿಲ್ಲ. ಹಾಗಂತ ಗಾಡಿ ಕಟ್ಟಿರುವಾಗ ಪಟ್ಟಿ ತೆಗೆಯಲೇಬೇಡಿ, ಬೆನ್ನ ಹಿಂದಿನ ಗಾಡಿ ಕಂಡು ಬೆಚ್ಚಿ ಓಡಬಹುದು. ಬಿಚ್ಚುವಾಗ ಒಬ್ಬರು ಮುಂದೆ ಲಗಾಮು ಹಿಡಿದಿರಬೇಕು, ಬಿಚ್ಚುವವರು ಬಾಯಿಬಿಟ್ಟು ಮಾತಾಡುತ್ತಲೇ ಇರಬೇಕು.

ಇನ್ನು ನಿಮ್ಮ ಹೆದರಿಕೆ. ಮಂದಿ ಹೇಳಿದಂತೆ ಧೈರ್ಯ ತೋರಿಸಲು ಹೋಗಿ ಲಗಾಮು ಹಿಡಿಯಬೇಡಿ. ಪೂರ್ತಿ ದೂರ ಉಳಿದರೂ ಹೆದರಿಕೆ ಬೆಳೆಯುತ್ತದೆ, ಒಮ್ಮೆಲೇ ನುಗ್ಗಿದರೂ ಬೆಳೆಯುತ್ತದೆ. ಕುದುರೆ ಕಟ್ಟಿಹಾಕಿ ಮೇಯುತ್ತಿರುವಾಗ, ಎದೆ ಹೊಡೆದುಕೊಳ್ಳದಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿ. ಕಿವಿ ಯಾವ ಕಡೆ ತಿರುಗುತ್ತದೆ, ಬಾಲ ನೊಣಕ್ಕೆ ಬೀಸುವುದಕ್ಕೂ ಸಿಟ್ಟಿಗೆ ಬೀಸುವುದಕ್ಕೂ ಏನು ವ್ಯತ್ಯಾಸ, ಹಿಂಗಾಲು ದಣಿವಿಗೆ ಸಡಿಲ ಬಿಡುವುದು ಹೇಗೆ, ಒದೆಯಲು ಎತ್ತುವುದು ಹೇಗೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಅದು ಮತ್ತೆ ನಿಮ್ಮ ಕಣ್ಣಿಗೆ ಬರಬೇಕು. ಆ ದೂರ ಬೇಸರವಾಗುವಷ್ಟು ಸಲೀಸಾದ ಮೇಲೆ ಹತ್ತಿರ ಬನ್ನಿ. ಮುಂದೆ ನಿಮ್ಮ ತಮ್ಮ ಹಗ್ಗ ಹಿಡಿದಿರುವಾಗ ಎಡಗಡೆಯಿಂದ, ಭುಜದ ಕಡೆ ಹೋಗಿ ಕತ್ತು ಮುಟ್ಟಿ, ಎರಡು ಸಲ ಉದ್ದಕ್ಕೆ ಉಸಿರು ಬಿಟ್ಟು ವಾಪಸ್ ಬನ್ನಿ. ಚೆನ್ನಾಗಿರುವಾಗಲೇ ಬರಬೇಕು, ಹೆದರಿ ಓಡಿಬರುವಂತೆ ಆಗಬಾರದು. ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಪಕ್ಕದವರು ಬಿಗಿಯಾದರೆ ಅದೂ ಏರುವುದುಂಟು.

ಫಿಸಿಯೋಥೆರಪಿಸ್ಟ್ (ಬೆಳಗಾವಿ):
ಡಾಕ್ಟರ್ ಮಾತಿಗೆ ಒಂದು ಸೇರಿಸ್ತೀನಿ. ತೊಡೆ ಎಲುಬು ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಸಾಕು. ಸ್ನಾಯುವಿನ ಬಲ ಬರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಮುರಿದ ಕಾಲೊಂದರ ಮೇಲೇ, ಇನ್ನೊಂದು ಕಾಲಿನ ಮೇಲೆ ನಿಂತಷ್ಟೇ ಹೊತ್ತು ನಿಲ್ಲಬಲ್ಲಿರಾ? ಏನೂ ಹಿಡಿಯದೆ ಪಕ್ಕಕ್ಕೆ ಪಟಕ್ಕನೆ ಸರಿಯಬಲ್ಲಿರಾ? ಆಗದಿದ್ದರೆ ನಿಮ್ಮ ಹೆದರಿಕೆ ಸುಳ್ಳಲ್ಲ, ಕಾಲು ಇನ್ನೂ ತಯಾರಾಗಿಲ್ಲ ಅಂತ ಮೈ ಹೇಳ್ತಿದೆ. ಮೊದಲು ಆ ವ್ಯಾಯಾಮ ಮುಗಿಸಿ.

ಪ್ರಶ್ನೆ ಕೇಳಿದವರು:
ಭಾಳ ಉಪಕಾರ ಆತ್ರಿ. ಕಾಲು ಹಂಗ ಎಳೀತದ, ಖರೇ. ಇನ್ನೊಂದ್ ಮಾತು. ರಾತ್ರಿ ಕನಸಿನ್ಯಾಗ ಅದ ಒದಿ ಬರ್ತದ, ಎದ್ದು ಕೂಡ್ತೀನಿ. ಮನ್ಯಾಗ ಹೇಳಿಲ್ಲ. ಮತ್ತ ಸರ್, ಟಾಂಗಾ ಅಂದಮ್ಯಾಲ ಕುದರಿ ಹಿಂದ ಹಾಯೋದು ಬಂದ ಬರ್ತದಲ್ರಿ?

ಉತ್ತರ (ಪಶುವೈದ್ಯರು):
ಕನಸಿನ ಮಾತು ಮನೆಯಲ್ಲಿ ಹೇಳಿ, ಇವತ್ತೇ ಹೇಳಿ. ಅಪಘಾತವಾಗಿ ತಿಂಗಳು ಕಳೆದ ಮೇಲೂ ಹೀಗಾಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ, ನನ್ನ ಕೈಲಿರುವುದಲ್ಲ ಅಷ್ಟೇ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಿಂದೆ ಹಾಯುವ ಕೆಲಸ ಕೊನೆಗಿರಲಿ, ಅಲ್ಲಿಯವರೆಗೆ ಮುಂದಿನಿಂದಲೇ ಸುತ್ತಿಕೊಂಡು ಹೋಗಿ. ಹಾಯಲೇಬೇಕಾದ ದಿನ ಬಂದಾಗ, ಒಂದೋ ಒದೆ ತಲುಪದ ಹಾಗೆ ಹತ್ತು ಅಡಿ ದೂರದಿಂದ ಹಾಯಿರಿ, ಇಲ್ಲವೇ ಮಾತಾಡುತ್ತಾ, ಪೃಷ್ಠದ ಮೇಲೆ ಕೈ ಇಟ್ಟು ಮೈಗೆ ಅಂಟಿಕೊಂಡೇ ಹಾಯಿರಿ. ಅಷ್ಟು ಹತ್ತಿರದಲ್ಲಿ ಕಾಲು ಬೀಸಲು ಜಾಗ ಸಿಗದೆ ಒದೆಯ ಜೋರು ಕಡಿಮೆಯಾಗುತ್ತದೆ. ಇವೆರಡರ ನಡುವಿನ ಮೂರು-ನಾಲ್ಕು ಅಡಿಯೇ ಎಲುಬು ಮುರಿಯುವ ಜಾಗ. ಚಪ್ಪಲಿ ಬೇಡ, ಗಟ್ಟಿ ಬೂಟು ಹಾಕಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ತಪಾಸಣೆಯಲ್ಲಿ ಏನು ಕಂಡುಬಂತು ಅಂತ ಇಲ್ಲೇ ಬರೆಯಿರಿ, ಹುಣ್ಣಿದ್ದರೆ ಫೋಟೋ ಹಾಕಿ.