ಮಳೇಲಿ ಓಡಿಸಿ ಬಂದ್ಮೇಲೆ ಚೈನ್ ತುಕ್ಕು, ಈಗ ಮುಂದಿನ ಬ್ರೇಕೂ ಹಿಡೀತಿಲ್ಲ

ತುಂಗಾತೀರ:
ನಮಸ್ಕಾರ ಎಲ್ರಿಗೂ. ನಂದು ಏಳು ವರ್ಷದ ಹಳೇ 150 ಸಿಸಿ ಗಾಡಿ. ಶಿವಮೊಗ್ಗದಲ್ಲಿ ಕೆಲ್ಸ, ಶನಿವಾರ ಸಂಜೆ ತೀರ್ಥಹಳ್ಳಿ ದಾಟಿ ಊರಿಗೆ ಹೋಗೋದು, ಸೋಮವಾರ ಬೆಳಿಗ್ಗೆ ವಾಪಸ್, ಈ ಮಳೆಗಾಲ ಶುರುವಾದಾಗಿಂದ ಒಂದ್ ವಾರನೂ ನೆನೀದೆ ಬಂದಿಲ್ಲ. ಕೊನೇ ಮೂರು ಕಿಲೋಮೀಟರ್ ಮಣ್ಣು ರಸ್ತೆ ಬೇರೆ. ಮರುದಿನ ನೋಡಿದ್ರೆ ಚೈನ್ ಪೂರ್ತಿ ಕಿತ್ತಳೆ ಬಣ್ಣ, ಕಿರ್ ಕಿರ್ ಸೌಂಡು. ಹೋದ್ವಾರ ವಾಟರ್ ಸರ್ವಿಸ್ ಮಾಡ್ಸಿ, ಗ್ಯಾರೇಜಿಂದ ತಂದ ವೇಸ್ಟ್ ಆಯಿಲ್ ಚೈನಿಗೆ ಬಿಟ್ಟು, ತುಕ್ಕು ಹಿಡೀಬಾರ್ದು ಅಂತ ಅದೇ ಬಟ್ಟೇಲಿ ರಿಮ್ಮು ಡಿಸ್ಕು ಎಲ್ಲಾ ಒರೆಸ್ದೆ. ಆವಾಗಿಂದ ಮುಂದಿನ ಬ್ರೇಕ್ ಸರಿಯಾಗಿ ಹಿಡೀತಿಲ್ಲ. ನೀರು ಹೋಗಿರತ್ತಾ? ವಾರವಾರ ವಾಟರ್ ಸರ್ವಿಸ್ ಮಾಡಿಸ್ಬೇಕಾ?

ಹಳೇಗಾಡಿ:
ಗುರೂ, ಆಯಿಲ್ ಬಟ್ಟೇಲಿ ಡಿಸ್ಕ್ ಒರೆಸಿದ್ರಾ!! ಚೈನ್ ವಿಷ್ಯ ಆಮೇಲೆ ನೋಡೋಣ, ಮೊದ್ಲು ಆ ಗಾಡಿ ಓಡಿಸೋದು ನಿಲ್ಸಿ. ನೀರಾಗಿದ್ರೆ ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಒಣಗಿ ಸರಿಹೋಗೋದು, ಇದು ಆಯಿಲ್ಲೇ. ಬ್ರೇಕ್ ಕ್ಲೀನರ್ ಸ್ಪ್ರೇ ಸಿಗತ್ತೆ, ಡಿಸ್ಕಿಗೆ ಹೊಡೆದು ಒಗೆದ ಬಟ್ಟೇಲಿ ಒರೆಸಿ. ಡಿಸ್ಕನ್ನ ಹಿಡಿಯೋ ಬ್ರೇಕ್ ಪ್ಯಾಡ್ ಆಯಿಲ್ ಕುಡಿದಿದ್ರೆ ಮಾತ್ರ ಉಜ್ಜಿ ಪ್ರಯೋಜನ ಇಲ್ಲ, ಹೊಸದೇ ಹಾಕ್ಸಿ.

ಘಾಟಿಸವಾರ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಚೈನಿಗೆ ನಾನ್ ಮಾಡೋದ್ ಹೇಳ್ತೀನಿ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಇಂಜಿನ್ ಆಫ್ ಮಾಡಿ ಕೈಯಲ್ಲೇ ಚಕ್ರ ತಿರುಗಿಸ್ತಾ ಸೀಮೆಎಣ್ಣೆ ಇಲ್ಲಾ ಚೈನ್ ಕ್ಲೀನರ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕೋದು (ಇಂಜಿನ್ ಸ್ಟಾರ್ಟ್ ಮಾಡಿ ಗೇರಲ್ಲಿಟ್ಟು ಬಟ್ಟೆ ಹಿಡಿಯೋರ್ನ ನೋಡಿದೀನಿ, ಬಟ್ಟೆ ಜೊತೆ ಬೆರಳೂ ಚೈನ್ ಓಡೋ ಹಲ್ಲುಚಕ್ರ, ಅಂದ್ರೆ ಸ್ಪ್ರಾಕೆಟ್ ಒಳಗೆ ಹೋಗತ್ತೆ ಮಾರಾಯ, ಬೇಡ). ಓ-ರಿಂಗ್ ಚೈನ್ (ಕೊಂಡಿಗಳ ಮಧ್ಯೆ ರಬ್ಬರ್ ಉಂಗುರ ಇರೋದು) ಆಗಿದ್ರೆ ಪೆಟ್ರೋಲ್ ಮುಟ್ಟಿಸ್ಬೇಡಿ, ರಬ್ಬರ್ ಹಾಳಾಗತ್ತೆ. ಒರೆಸಿ ಒಣಗಿದ್ಮೇಲೆ 90 ನಂಬರ್ ಗೇರ್ ಆಯಿಲ್ ಒಳಗಡೆ ಸೈಡಿಂದ ಹನಿಹನಿ ಬಿಟ್ಟು, ರಾತ್ರಿಯೆಲ್ಲಾ ಹಾಗೇ ಬಿಟ್ಟು ಬೆಳಿಗ್ಗೆ ಹೆಚ್ಚಾಗಿದ್ದು ಒರೆಸ್ಬಿಡಿ, ಇಲ್ಲಾಂದ್ರೆ ಹಾರಿ ಟೈರಿಗೆ ಬೀಳತ್ತೆ. ವೇಸ್ಟ್ ಆಯಿಲ್‌ನಲ್ಲಿ ಸವೆದ ಕಬ್ಬಿಣದ ಪುಡಿ ಇರತ್ತೆ, ಅದನ್ನ ಚೈನಿಗೆ ಹಾಕೋದಂದ್ರೆ ಮರಳು ಹಾಕಿ ತಿಕ್ಕಿದಂಗೆ. ಬೇಸಿಗೇಲಿ 500 ಕಿ.ಮೀ.ಗೆ ಒಂದ್ಸಲ ಸಾಕು, ಈ ಮಳೇಲಿ ನಾನಂತೂ ನೆನೆದು ಬಂದಾಗೆಲ್ಲಾ ಹಾಕ್ತೀನಿ.

ಎರಿಹೊಲ:
ನಿಮ್ಮ ಕೆಂಪ ಮಣ್ಣ ನೀರ ಹಾಕಿದ್ರ ಹೊಕ್ಕೇತ್ರಿ, ನಮ್ಮ ನವಲಗುಂದ ಕಡೆ ಎರಿ ಮಣ್ಣ ನೋಡಬೇಕ ನೀವು, ಹೊಲದ ದಾರ್ಯಾಗ ನೂರ ಮೀಟರ್ ಹೋಗೂದ್ರಾಗ ಗಾಲಿ ಮಡ್‌ಗಾರ್ಡಿಗೆ ಸಿಕ್ಕೊಂಡ ಗಾಡಿ ನಿಂತಬಿಡ್ತೈತಿ, ಕಟಗಿ ತಗೊಂಡ ಕೆತ್ತೂದ. ವಾರವಾರ ವಾಟರ್ ಸರ್ವಿಸ್ ಬ್ಯಾಡ್ರಿ. ಆ ಪ್ರೆಶರ್ ನೀರ ಕೋನ್‌ಸೆಟ್ಟಿಗೆ (ಹ್ಯಾಂಡಲ್ ತಿರಗೂ ಬೇರಿಂಗ್), ಗಾಲಿ ಬೇರಿಂಗಿಗೆ ನೇರ ಹೊಡದ್ರ ಗ್ರೀಸ್ ತೊಳಕೊಂಡ ಹೊಕ್ಕೇತಿ, ನಂದು ಹಂಗ ಆಗಿ ಹ್ಯಾಂಡಲ್ ಕಟಕಟ ಅನ್ನಾಕತ್ತಿತ್ತು. ಮಣ್ಣ ಹಸಿ ಇದ್ದಾಗ ಸಾದಾ ಪೈಪ್ ನೀರ ಬಿಡ್ರಿ, ಸೈಲೆನ್ಸರ್ ಮಾತ್ರ ಆರಲಿ ಮೊದಲ. ಮುಂದಿನ ಫೋರ್ಕ್ ಪೈಪಿನ ಮ್ಯಾಲಿನ ಮಣ್ಣ ಒಣಗಾಕ ಬಿಡಬ್ಯಾಡ್ರಿ, ಸೀಲ್ ಹರದ ಆಯಿಲ್ ಸೋರ್ತೈತಿ.

ಕಡಲಕರೆ:
ನಮ್ಮದು ಉಡುಪಿ ಸೈಡ್, ಇಲ್ಲಿ ಮಳೆಗಿಂತ ಉಪ್ಪುಗಾಳಿಯದ್ದೇ ತಲೆನೋವು. ಮಲ್ಪೆಗೆ ಹೋಗಿ ಬಂದ್ರೆ ಅದೇ ರಾತ್ರಿ ಸಾದಾ ನೀರು ಹಾಕ್ಲೇಬೇಕು. ಮತ್ತೆ ಒದ್ದೆ ಗಾಡಿಗೆ ಟಾರ್ಪಾಲ್ ಮುಚ್ಚಿಡ್ಬೇಡಿ ಮಾರಾಯ್ರೆ, ಒಳಗೆ ಬೆವರಿ ಇನ್ನೂ ಜಾಸ್ತಿ ತುಕ್ಕು ಹಿಡೀತದೆ. ಕ್ಲಚ್ ಕೇಬಲ್‌ಗೆ, ಸೈಡ್ ಸ್ಟ್ಯಾಂಡ್ ಬೋಲ್ಟಿಗೆ ಸಹ ಎರಡು ಹನಿ ಎಣ್ಣೆ ಬಿಡಿ.

ತುಂಗಾತೀರ:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಬಸ್ಸಲ್ಲಿ ಹೋದೆ. ಸಂಜೆ ಪ್ಯಾಡ್ ಬಿಚ್ಚಿಸಿ ನೋಡಿದ್ರೆ ಅಂಚೆಲ್ಲಾ ಕಪ್ಪಾಗಿ ಜಿಡ್ಡು ಜಿಡ್ಡು, ಮೆಕ್ಯಾನಿಕ್ ಮೂಸಿ ನೋಡಿ ಏನೂ ಮಾತಾಡ್ದೆ ಬುಟ್ಟಿಗೆ ಎಸೆದ್ರು. ಹೊಸ ಪ್ಯಾಡ್ ಹಾಕ್ಸಿದೀನಿ. ಚೈನ್ ಕ್ಲೀನ್ ಮಾಡಿದ್ಮೇಲೂ ಒಂದ್ಕಡೆ ಬಿಗಿ ಒಂದ್ಕಡೆ ಸಡಿಲ ಇದೆ, ಇದು ಟೈಟ್ ಮಾಡಿದ್ರೆ ಸರಿಹೋಗತ್ತಾ?

ಘಾಟಿಸವಾರ:
ಇಲ್ಲ, ಅದು ಚೈನ್ ಸವೆದಿರೋದು. ಟೈಟ್ ಮಾಡಿದ್ರೆ ಬಿಗಿ ಇರೋ ಕಡೆ ಇನ್ನೂ ಎಳೆಯತ್ತೆ. ಚೈನ್ ಸ್ಪ್ರಾಕೆಟ್ ಸೆಟ್ಟೇ ಬದಲಾಯ್ಸಿ, ಬರೀ ಚೈನ್ ಹಾಕ್ಬೇಡಿ.